ಎಲ್ಲರನ್ನೂ ನಡುಮಧ್ಯಾಹ್ನದ ಬಿಸಿಲಿಗೆ ಕರೆಯಬೇಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಆರೋಗ್ಯ ಪುಟದಲ್ಲಿ ವಿಟಮಿನ್ ಡಿ ಕೊರತೆಯ ಬಗ್ಗೆ ಬಂದ ಲೇಖನ ಓದಿ ಈ ಪತ್ರ ಬರೆಯುತ್ತಿದ್ದೇನೆ. ಲೇಖನ ಚೆನ್ನಾಗಿತ್ತು, ಬೇಕಾದ ವಿಷಯವೇ. ಆದರೆ ಕೊನೆಯಲ್ಲಿ, ಎಲ್ಲರೂ ದಿನಾ ಮಧ್ಯಾಹ್ನ ಅರ್ಧ ಗಂಟೆ ಬಿಸಿಲಿಗೆ ಮೈ ಒಡ್ಡಬೇಕು, ಕೊಡೆ ಟೊಪ್ಪಿ ಸನ್‌ಸ್ಕ್ರೀನ್ ಯಾವುದೂ ಬೇಡ ಅಂತ ಬರೆದಿದ್ದಾರಲ್ಲ, ಅದನ್ನು ಓದಿ ಸುಮ್ಮನಿರಲು ಆಗಲಿಲ್ಲ. ಹೆಚ್ಚಿನವರಿಗೆ ಆ ಸಲಹೆಯಿಂದ ದೊಡ್ಡ ತೊಂದರೆ ಆಗಲಿಕ್ಕಿಲ್ಲ. ಕೆಲವರಿಗೆ ಮಾತ್ರ ಅದು ನಿಜಕ್ಕೂ ಅಪಾಯ. ಆ ಕೆಲವರು ನಮ್ಮ ಮನೆಗಳಲ್ಲೂ ಇದ್ದಾರೆ.

ನನ್ನ ತಂಗಿಯ ಮಗಳಿಗೆ ಆಲ್ಬಿನಿಸಂ ಇದೆ. ಚರ್ಮಕ್ಕೆ, ಕೂದಲಿಗೆ, ಕಣ್ಣಿಗೆ ಬಣ್ಣ ಕೊಡುವ ಮೆಲನಿನ್ ಅವಳಲ್ಲಿ ಹುಟ್ಟಿನಿಂದಲೇ ಇಲ್ಲ. ಊರಿನಲ್ಲಿ ಕೆಲವರು ಇದನ್ನು ತೊನ್ನು ಅನ್ನುತ್ತಾರೆ. ತೊನ್ನು ಬೇರೆ, ಇದು ಬೇರೆ, ಎರಡೂ ಅಂಟುವ ಕಾಯಿಲೆಗಳಲ್ಲ. ಅವರ ಮನೆ ಬದಿಯಡ್ಕದಿಂದ ಒಳಗೆ ಹೋದರೆ ಸಿಗುವ ಊರಿನಲ್ಲಿ. ಸುತ್ತ ಅಡಿಕೆ ತೋಟ, ಮನೆ ಮುಂದೆ ಅಡಿಕೆ ಒಣಗಿಸುವ ದೊಡ್ಡ ಅಂಗಳ. ನಿಮ್ಮ ಲೇಖನ ಬಂದ ದಿನ ಅವಳ ಅಜ್ಜಿ ಪೇಪರ್ ಹಿಡಿದುಕೊಂಡು ಬಂದು, "ನೋಡು, ಇದರಲ್ಲೇ ಬರೆದಿದ್ದಾರೆ, ಮಗುವನ್ನು ಯಾಕೆ ಒಳಗೇ ಕೂಡಿಹಾಕುತ್ತೀರಿ, ಅವಳ ಎಲುಬು ಗಟ್ಟಿಯಾಗುವುದು ಬೇಡವಾ" ಅಂತ ನನ್ನ ತಂಗಿಯನ್ನು ಕೇಳಿದರಂತೆ. ಅಜ್ಜಿ ಹೇಳಿದ್ದು ಮೊಮ್ಮಗಳ ಮೇಲಿನ ಅಕ್ಕರೆಯಿಂದ. ಪೇಪರಿನಲ್ಲಿ ಬಂದದ್ದನ್ನು ನಂಬುವವರು ಅವರು, ನಂಬಬೇಕಾದದ್ದೂ ಸರಿಯೇ. ಅದಕ್ಕೇ ಈ ಪತ್ರ ನಿಮಗೆ.

ಬಿಸಿಲಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ, ಅಂದರೆ ಯುವಿ ಕಿರಣಗಳಿವೆ ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದರಲ್ಲಿ ಯುವಿಬಿ ಅನ್ನುವ ಭಾಗ ಚರ್ಮದಲ್ಲಿರುವ, ಕೊಲೆಸ್ಟ್ರಾಲ್ ಜಾತಿಗೆ ಸೇರಿದ ಒಂದು ವಸ್ತುವನ್ನು ವಿಟಮಿನ್ ಡಿ ಆಗುವ ಹಾದಿಗೆ ಹಚ್ಚುತ್ತದೆ. ಆ ಡಿ ಮೊದಲು ಲಿವರ್, ಆಮೇಲೆ ಕಿಡ್ನಿ ಹಾದು ಕೆಲಸಕ್ಕೆ ಬರುವ ರೂಪ ಪಡೆಯುತ್ತದೆ. ತೊಂದರೆ ಏನೆಂದರೆ, ಇದೇ ಯುವಿಬಿ ಚರ್ಮದ ಕೋಶಗಳ ಡಿಎನ್‌ಎಯನ್ನೂ ಕೆಡಿಸುತ್ತದೆ. ಡಿ ಕೊಡುವ ಬಿಸಿಲು ಬೇರೆ, ಕ್ಯಾನ್ಸರ್ ತರುವ ಬಿಸಿಲು ಬೇರೆ ಅಂತ ಇಲ್ಲ. ಮೆಲನಿನ್ ಇರುವ ಚರ್ಮ ಈ ಕಿರಣವನ್ನು ಬಹಳಷ್ಟು ತಡೆಯುತ್ತದೆ, ಹಾಗಾಗಿ ಕಂದು ಮೈಯವರಿಗೆ ಡಿ ತಯಾರಾಗಲು ಜಾಸ್ತಿ ಹೊತ್ತು ಬೇಕು, ಸುಡುವುದಕ್ಕೂ ಜಾಸ್ತಿ ಹೊತ್ತು ಬೇಕು. ನನ್ನ ತಂಗಿಯ ಮಗಳ ಚರ್ಮದಲ್ಲಿ ಡಿ ಬೇಗ ಆಗುತ್ತದೆ, ಆದರೆ ಚರ್ಮವೂ ಅಷ್ಟೇ ಬೇಗ ಸುಡುತ್ತದೆ. ಒಮ್ಮೆ ಒಂದು ಮದುವೆಯಲ್ಲಿ ಚಪ್ಪರದ ಹೊರಗೆ ಬೇರೆ ಮಕ್ಕಳ ಜೊತೆ ಸ್ವಲ್ಪ ಹೊತ್ತು ಆಡಿದ್ದಕ್ಕೆ, ರಾತ್ರಿ ಅವಳ ಕುತ್ತಿಗೆಯ ಹಿಂದೆ ನೀರುಗುಳ್ಳೆ ಎದ್ದಿತ್ತು. ಕಿವಿಯ ಮೇಲಂಚು ಕೆಂಪಾಗಿ, ಎರಡು ದಿನ ಬಿಟ್ಟು ಸಿಪ್ಪೆಯ ಹಾಗೆ ಸುಲಿದು ಬಂತು. ಉಳಿದ ಮಕ್ಕಳಿಗೆ ಏನೂ ಆಗಿರಲಿಲ್ಲ. ಹೀಗೆ ಮತ್ತೆ ಮತ್ತೆ ಸುಟ್ಟ ಜಾಗದಲ್ಲೇ ಮುಂದೆ ಕ್ಯಾನ್ಸರ್ ಬರುವುದು. ಬಿಸಿಲಿನ ನಾಡುಗಳಲ್ಲಿ ಆಲ್ಬಿನಿಸಂ ಇರುವವರಿಗೆ ಚಿಕ್ಕ ವಯಸ್ಸಿನಲ್ಲೇ ಚರ್ಮದ ಕ್ಯಾನ್ಸರ್ ಬರುತ್ತದೆ ಅನ್ನುವುದು ಆಫ್ರಿಕಾದ ದೇಶಗಳಲ್ಲಿ ಚೆನ್ನಾಗಿ ದಾಖಲಾಗಿದೆ. ಚರ್ಮವನ್ನು ಕಾಪಾಡಿಕೊಂಡರೆ ಅವರು ಎಲ್ಲರ ಹಾಗೆಯೇ ಪೂರ್ತಿ ಆಯುಷ್ಯ ಬದುಕಬಹುದು. ಇದನ್ನೂ ಬರೆಯಬೇಕು, ಹೆದರಿಸುವುದು ಮಾತ್ರ ಸಾಕಾಗುವುದಿಲ್ಲ.

ಇನ್ನೊಂದು ವಿಷಯ ಜನರಿಗೆ ಗೊತ್ತಿರುವುದು ಕಡಿಮೆ. ಬಿಸಿಲಲ್ಲಿ ಕುಳಿತಷ್ಟೂ ಡಿ ಜಾಸ್ತಿ ಆಗುತ್ತಾ ಹೋಗುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಚರ್ಮ ಹೊಸದಾಗಿ ಬರುವುದನ್ನು ಕೆಲಸಕ್ಕೆ ಬಾರದ ಬೇರೆ ವಸ್ತುಗಳಾಗಿ ಬದಲಿಸಿಬಿಡುತ್ತದೆ. ಆಮೇಲೆ ಕುಳಿತದ್ದರಿಂದ ಸಿಗುವುದು ಬರೀ ಹಾನಿ. ಬೆಳಗ್ಗೆ ಏಳು ಗಂಟೆಯ ಎಳೆ ಬಿಸಿಲು ಒಳ್ಳೆಯದು ಅನ್ನುವವರಿಗೂ ಒಂದು ಮಾತು. ಆ ಹೊತ್ತಿನ ಬಿಸಿಲಲ್ಲಿ ಯುವಿಬಿ ಇರುವುದೇ ಬಹಳ ಕಡಿಮೆ. ಆ ಹೊತ್ತಿಗೆ ಅಂಗಳದಲ್ಲಿ ನಡೆದಾಡಿ, ಗಾಳಿ ಸಿಗುತ್ತದೆ, ಮನಸ್ಸಿಗೂ ಹಿತ, ಆದರೆ ಡಿ ಅಷ್ಟೇನೂ ಸಿಗುವುದಿಲ್ಲ. ನೆಲದ ಮೇಲಿನ ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಯುವಿ ಜೋರಾಗಿದೆ ಅಂತ ಲೆಕ್ಕ. ಡಿ ಆಗುವುದೂ ಆಗಲೇ, ಸುಡುವುದೂ ಆಗಲೇ. ಗಾಜಿನ ಕಿಟಕಿ ಹಾಕಿಕೊಂಡು ಬಿಸಿಲು ಕಾಯಿಸುವುದಂತೂ ಎರಡು ಕಡೆಯಿಂದಲೂ ನಷ್ಟ. ಗಾಜು ಯುವಿಬಿಯನ್ನು ತಡೆಯುತ್ತದೆ, ಇನ್ನೊಂದು ಭಾಗವಾದ ಯುವಿಎಯನ್ನು ಬಹುಮಟ್ಟಿಗೆ ಒಳಗೆ ಬಿಡುತ್ತದೆ. ಡಿ ಇಲ್ಲ, ಚರ್ಮಕ್ಕೆ ಪೆಟ್ಟು ಮಾತ್ರ.

ಇಷ್ಟು ಓದಿ ಎಲ್ಲರೂ ಬಿಸಿಲಿಗೆ ಹೆದರಿ ಮನೆಯೊಳಗೆ ಕೂರುವುದು ಬೇಡ. ನಮ್ಮ ದೇಶದಲ್ಲಿ ಚರ್ಮದ ಕ್ಯಾನ್ಸರ್ ಎಲ್ಲ ಕ್ಯಾನ್ಸರ್‌ಗಳ ಪೈಕಿ ಸುಮಾರು ಶೇ 1ರಷ್ಟು ಮಾತ್ರ. ವಿಟಮಿನ್ ಡಿ ಕಡಿಮೆ ಇರುವವರು ಮಾತ್ರ ಊರು ತುಂಬಾ ಇದ್ದಾರೆ. ಮಂಜೇಶ್ವರ, ಕುಂಬಳೆ ಕಡೆ ಜಗಲಿಯಲ್ಲಿ ಮೊರ ಹಿಡಿದು ಬೆಳಗ್ಗಿನಿಂದ ಸಂಜೆವರೆಗೆ ಬೀಡಿ ಕಟ್ಟುವ ಹೆಂಗಸರನ್ನು ನೋಡಿ. ಬಿಸಿಲು ಕಾಣುವುದು ಬೀಡಿ ಕೊಟ್ಟು ಬರಲು ಹೋದಾಗ ಮಾತ್ರ. ಸೊಂಟ ನೋವು, ಕಾಲಿನ ಎಲುಬು ನೋವು ಅಂತ ಅವರು ಹೇಳುವುದರ ಹಿಂದೆ ಡಿ ಕೊರತೆ ಇರಬಹುದು. ಅವರಿಗೆ ನಿಮ್ಮ ಲೇಖನದ ಸಲಹೆ ಸರಿಯಾಗಿಯೇ ಹೊಂದುತ್ತದೆ. ಕಂದು ಮೈಯವರಲ್ಲಿ ಬರುವ ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಅಂಗಾಲಿನಲ್ಲಿ, ಅಂಗೈಯಲ್ಲಿ, ಉಗುರಿನ ಕೆಳಗೆ. ಅದಕ್ಕೂ ಬಿಸಿಲಿಗೂ ಸಂಬಂಧ ಇಲ್ಲ, ಸನ್‌ಸ್ಕ್ರೀನ್‌ನಿಂದ ಅದು ತಪ್ಪುವುದೂ ಇಲ್ಲ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರು ಅಂಗಾಲಿನ ಕಪ್ಪು ಕಲೆಯನ್ನು ಆಣಿ ಅಂತ ತಿಳಿದು ಬ್ಲೇಡಿನಿಂದ ಕೊರೆದುಕೊಳ್ಳುವುದನ್ನು ನಾನೇ ನೋಡಿದ್ದೇನೆ. ಆ ಕಲೆ ಅಗಲವಾಗುತ್ತಾ ಹೋದರೆ, ಅಂಚು ಸೊಟ್ಟಪಟ್ಟ ಇದ್ದರೆ, ದಯವಿಟ್ಟು ಡಾಕ್ಟರಿಗೆ ತೋರಿಸಿ.

ಹಾಗಾದರೆ ಬಿಸಿಲಿನಿಂದ ದೂರ ಇರಲೇಬೇಕಾದವರು ಯಾರು? ಆಲ್ಬಿನಿಸಂ ಇರುವವರು ಮೊದಲು. ಝೀರೊಡರ್ಮಾ ಪಿಗ್ಮೆಂಟೋಸಮ್ ಅನ್ನುವ ಅಪರೂಪದ ಹುಟ್ಟು ಕಾಯಿಲೆ ಇರುವ ಮಕ್ಕಳು, ಅವರ ಕೋಶಗಳಿಗೆ ಯುವಿಯಿಂದ ಕೆಟ್ಟ ಡಿಎನ್‌ಎಯನ್ನು ಸರಿಮಾಡಿಕೊಳ್ಳುವ ಶಕ್ತಿಯೇ ಇರುವುದಿಲ್ಲ. ಒಮ್ಮೆ ಬಿಸಿಲಿನ ಕಾರಣದ ಚರ್ಮದ ಕ್ಯಾನ್ಸರ್ ಆಗಿ ಆಪರೇಷನ್ ಮಾಡಿಸಿಕೊಂಡವರು. ಮತ್ತೆ ಕಿಡ್ನಿ, ಲಿವರ್ ಕಸಿ ಮಾಡಿಸಿಕೊಂಡು ದಿನಾ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಿನ್ನುವವರು. ಈ ಕೊನೆಯವರ ಬಗ್ಗೆ ನಮ್ಮ ಕಡೆ ಯಾರೂ ಮಾತಾಡುವುದಿಲ್ಲ. ಕಸಿ ಆದ ಮೇಲೆ ಚರ್ಮದ ಕ್ಯಾನ್ಸರ್‌ನ ಸಾಧ್ಯತೆ, ಅದರಲ್ಲೂ ಬಿಳಿ ಮೈಯವರಲ್ಲಿ, ಹಲವು ಪಟ್ಟು ಏರುತ್ತದೆ. ಕಂದು ಮೈಯವರಲ್ಲಿ ಅಷ್ಟಿಲ್ಲ, ಆದರೂ ಎಚ್ಚರ ಬೇಕು. ಅಂಥ ಮಾತ್ರೆಗಳಲ್ಲೊಂದಾದ ಅಜಾಥಿಯೋಪ್ರಿನ್ ತೆಗೆದುಕೊಳ್ಳುವವರ ಚರ್ಮವನ್ನು ಯುವಿಎ ಜಾಸ್ತಿ ಕಾಡುತ್ತದೆ, ಅಂದರೆ ವಾಹನದ ಕಿಟಕಿ ಗಾಜಿನೊಳಗಿಂದ ಬರುವ ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಕಾಸರಗೋಡಿನಿಂದ ಚೆಕಪ್‌ಗೆ ಮಂಗಳೂರಿಗೆ ಹೋಗುವ ಇಂಥವರಿಗೆ ನಾನು ಹೇಳುವುದು ಇಷ್ಟೇ. ಬೆಳಗ್ಗೆ ಹೋಗುವಾಗಲೂ ಎಡಗಡೆ ಸೀಟು ಹಿಡಿಯಿರಿ, ಮಧ್ಯಾಹ್ನದ ಮೇಲೆ ವಾಪಸ್ ಬರುವಾಗಲೂ ಎಡಗಡೆಯೇ ಇರಲಿ. ಮಂಗಳೂರು ಇರುವುದು ಉತ್ತರಕ್ಕೆ, ಹಾಗಾಗಿ ಬಿಸಿಲು ಎರಡು ಸಲವೂ ಬಲಗಡೆಗೆ ಬೀಳುತ್ತದೆ.

ಇವರೆಲ್ಲರಿಗೂ ಡಿ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಬಾಯಿಯ ಮೂಲಕ ಬರಲಿ. ನಾನು ಹೇಳಬೇಕೆಂದಿರುವುದು ಇದೊಂದೇ. ಚರ್ಮದ ಕ್ಯಾನ್ಸರ್ ಅತಿ ಹೆಚ್ಚು ಇರುವ ಆಸ್ಟ್ರೇಲಿಯಾದಲ್ಲಿ ತಜ್ಞರು ಸೇರಿ 2024ರಲ್ಲಿ ಹೊಸ ಸಲಹೆ ಹೊರಡಿಸಿದರು. ಅದರಲ್ಲಿ ಎಲ್ಲರಿಗೂ ಒಂದೇ ನಿಯಮ ಹೇಳದೆ ಜನರನ್ನು ಮೂರು ಗುಂಪು ಮಾಡಿದ್ದಾರೆ. ತೀರಾ ಬಿಳಿ ಚರ್ಮದವರು ಮತ್ತು ಬೇರೆ ಕಾರಣಕ್ಕೆ ಕ್ಯಾನ್ಸರ್ ಅಪಾಯ ಜಾಸ್ತಿ ಇರುವವರು ಡಿಗೋಸ್ಕರ ಬಿಸಿಲಿಗೆ ಹೋಗಲೇಬಾರದು, ಡಾಕ್ಟರ ಹತ್ತಿರ ಕೇಳಿ ಬೇರೆ ದಾರಿ ನೋಡಿಕೊಳ್ಳಬೇಕು. ಗಾಢ ಬಣ್ಣದ ಚರ್ಮದವರು ತುಂಬಾ ಹೊತ್ತು ಹೊರಗಿರದಿದ್ದರೆ ಸನ್‌ಸ್ಕ್ರೀನ್ ಚಿಂತೆ ಮಾಡಬೇಕಾಗಿಲ್ಲ. ನಡುವಿನವರಿಗೆ ನಡುವಿನ ಸಲಹೆ. ಬಿಸಿಲಿನ ಭಯ ಅಷ್ಟಿರುವ ದೇಶವೇ ಹೀಗೆ ಬಿಡಿಸಿ ಹೇಳುತ್ತಿರುವಾಗ ನಾವು ಯಾಕೆ ಎಲ್ಲರಿಗೂ ಒಂದೇ ಮಾತು ಹೇಳಬೇಕು?

ಸನ್‌ಸ್ಕ್ರೀನ್ ಹಚ್ಚಿದರೆ ಡಿ ಪೂರ್ತಿ ನಿಲ್ಲುತ್ತದೆ ಅನ್ನುವ ಮಾತೂ ಲೇಖನದಲ್ಲಿತ್ತು. ಅದು ಹಾಗೆ ಅಲ್ಲ. ಜನ ಹಚ್ಚುವುದು ತೆಳ್ಳಗೆ, ಅಲ್ಲಲ್ಲಿ ಬಿಟ್ಟು, ಬೆವರಿಗೆ ಅರ್ಧ ಹೋಗಿಬಿಡುತ್ತದೆ, ಹಾಗಾಗಿ ಸ್ವಲ್ಪ ಡಿ ಆಗುತ್ತಲೇ ಇರುತ್ತದೆ. ಎಸ್‌ಪಿಎಫ್ 50ರ, ಅಂದರೆ ಬಿಸಿಲನ್ನು ಜೋರಾಗಿ ತಡೆಯುವ ಕ್ರೀಮನ್ನು ದಿನಾ ಶಿಸ್ತಿನಿಂದ ಹಚ್ಚುವವರಲ್ಲಿ ಡಿ ಒಂದಿಷ್ಟು ಇಳಿಯಬಹುದು ಅನ್ನುವುದು ನಿಜ. ಅದಕ್ಕೆ ಮದ್ದು ಮಾತ್ರೆ, ಕ್ರೀಮ್ ಬಿಡುವುದಲ್ಲ. ಕ್ರೀಮಿನಿಂದ ಲಾಭ ಇದೆ ಅನ್ನುವುದಕ್ಕೆ ಗಟ್ಟಿ ಆಧಾರ ಇದೆ. ಆಸ್ಟ್ರೇಲಿಯಾದ ನಂಬೂರ್ ಅನ್ನುವ ಊರಿನಲ್ಲಿ 1992ರಿಂದ 1,600ಕ್ಕೂ ಹೆಚ್ಚು ಜನರ ಮೇಲೆ ಪ್ರಯೋಗ ನಡೆಯಿತು. ದಿನಾ ಹಚ್ಚಿದವರಲ್ಲಿ ಸ್ಕ್ವೇಮಸ್ ಜಾತಿಯ ಚರ್ಮದ ಕ್ಯಾನ್ಸರ್ ಸುಮಾರು ಶೇ 40ರಷ್ಟು ಕಡಿಮೆಯಾಯಿತು. ಆಲ್ಬಿನಿಸಂ ಇರುವವರಲ್ಲಿ ಹೆಚ್ಚಾಗಿ ಬರುವುದು ಇದೇ ಜಾತಿ.

ನಮ್ಮ ಕಡೆ ಈ ಕ್ರೀಮು ಸೌಂದರ್ಯ ಸಾಧನಗಳ ಸಾಲಿನಲ್ಲಿ, ಬೆಳ್ಳಗಾಗುವ ಕ್ರೀಮುಗಳ ಪಕ್ಕದಲ್ಲಿ ಇರುತ್ತದೆ. ಮುಖ ಕುತ್ತಿಗೆಗೆ ಎರಡು ಬೆರಳುದ್ದ ಬೇಕು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಹಾಗೆ ಲೆಕ್ಕ ಹಾಕಿದರೆ ಒಂದು ಟ್ಯೂಬು ಎಷ್ಟು ದಿನ ಬಂದೀತು ಹೇಳಿ? ಕೂಲಿ ಮಾಡುವ ಮನೆಯಲ್ಲಿ ಇಂಥ ಮಗು ಹುಟ್ಟಿದರೆ ಅವರು ಎಲ್ಲಿಂದ ತರಬೇಕು? ಇದು ಅವರ ಪಾಲಿಗೆ ಔಷಧಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ಮಾತ್ರೆ ಸಿಕ್ಕಿದ ಹಾಗೆ ಇಂಥವರಿಗೆ ಇದೂ ಸಿಗಬೇಕು ಅಂತ ನಿಮ್ಮಂಥವರು ಬರೆಯಬೇಕು.

ಬಟ್ಟೆ ಮಾತ್ರ ಎಲ್ಲರ ಕೈಗೆಟಕುವಂಥದ್ದು, ಕ್ರೀಮಿಗಿಂತ ನಂಬಿಕೆಯದ್ದೂ ಹೌದು. ಒತ್ತಾಗಿ ನೇಯ್ದ, ಗಾಢ ಬಣ್ಣದ, ತುಂಬು ತೋಳಿನ ಅಂಗಿ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಆಚೆಗಿನದು ಕಾಣುತ್ತದೆ ಅಂದರೆ ಬಿಸಿಲೂ ಒಳಗೆ ಬರುತ್ತದೆ. ಒಗೆದು ಒಗೆದು ತೆಳ್ಳಗಾದ ಬೈರಾಸು ಟವೆಲನ್ನು ತಲೆಗೆ ಹೊದೆಸಿದರೆ ಸಾಕಾಗುವುದಿಲ್ಲ, ಅದು ಒದ್ದೆಯಾದರೆ ಇನ್ನೂ ಕಡಿಮೆ. ನಮ್ಮ ಅಡಿಕೆ ಹಾಳೆಯ ಟೊಪ್ಪಿ ಮುಟ್ಟಾಳೆ ತಲೆಯನ್ನು ಚೆನ್ನಾಗಿ ಕಾಯುತ್ತದೆ, ಆದರೆ ಅದಕ್ಕೆ ಅಂಚಿಲ್ಲ. ಕಿವಿ, ಮೂಗು, ಕುತ್ತಿಗೆ, ಕೆಳತುಟಿ ಎಲ್ಲ ಬಿಸಿಲಿಗೇ. ಕ್ಯಾನ್ಸರ್ ಶುರುವಾಗುವುದು ಹೆಚ್ಚಾಗಿ ಇಂಥ ಜಾಗಗಳಲ್ಲೇ. ಸುತ್ತ ಅಗಲ ಅಂಚಿರುವ ಟೊಪ್ಪಿಯೇ ಬೇಕು.

ಆ ಟೊಪ್ಪಿಯ ಕತೆ ಹೇಳಲೇಬೇಕು. ನನ್ನ ತಂಗಿ ಮಗಳಿಗೆ ಅಂಥದ್ದೊಂದನ್ನು ಹೊಲಿಸಿ ಶಾಲೆಗೆ ಕಳಿಸಿದಳು. ಯೂನಿಫಾರ್ಮಿನಲ್ಲಿ ಟೊಪ್ಪಿ ಇಲ್ಲ ಅಂತ ತೆಗೆಸಿದರು. ಅಸೆಂಬ್ಲಿ ಬಯಲಲ್ಲಿ, ಆಟದ ಪೀರಿಯಡ್ ಮಧ್ಯಾಹ್ನಕ್ಕೆ ಮೊದಲು. "ಮಾವ, ನಾನು ಟೊಪ್ಪಿ ಹಾಕಿದರೆ ಬೇರೆಯವರೂ ಕೇಳುತ್ತಾರಂತೆ" ಅಂತ ಅವಳು ನನ್ನ ಹತ್ತಿರ ಹೇಳಿದಳು. ಕೇಳಲಿ, ಹಾಕಲಿ, ಯಾರಿಗೇನು ನಷ್ಟ? ಡಾಕ್ಟರ ಚೀಟಿ ತಂದು ಕೊಟ್ಟ ಮೇಲೆ ಒಬ್ಬರು ಟೀಚರ್ ಮುತುವರ್ಜಿ ವಹಿಸಿ ಅವಳನ್ನು ಅಸೆಂಬ್ಲಿ ಹೊತ್ತಿಗೆ ಜಗಲಿಯಲ್ಲಿ ನಿಲ್ಲಿಸುವ ವ್ಯವಸ್ಥೆ ಮಾಡಿದರು, ಮುಂದಿನ ಬೆಂಚಿನಲ್ಲಿ ಕೂರಿಸಿದರು. ಆಲ್ಬಿನಿಸಂ ಇರುವ ಮಕ್ಕಳಿಗೆ ಕಣ್ಣೂ ಮಂದ, ಬೋರ್ಡು ಕಾಣುವುದಿಲ್ಲ. ಆ ಟೀಚರಿಗೆ ನಾವು ಋಣಿ. ಆದರೆ ಒಬ್ಬರ ಒಳ್ಳೆಯತನದ ಮೇಲೆ ಇದು ನಿಲ್ಲಬಾರದು, ಇಂಥ ಮಕ್ಕಳಿಗೆ ಟೊಪ್ಪಿ, ತುಂಬು ತೋಳು, ಕಪ್ಪು ಕನ್ನಡಕಕ್ಕೆ ಅನುಮತಿ ಇದೆ ಅಂತ ಶಾಲೆಗಳಿಗೆ ಬರವಣಿಗೆಯಲ್ಲಿ ಆದೇಶ ಬರಬೇಕು.

ಈಗ ಊಟದ ವಿಷಯ. ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆ ಇದೆ. ಎಣ್ಣೆ ಅಂಶ ಇರುವ ಈ ಮೀನುಗಳಲ್ಲಿ ಡಿ ಚೆನ್ನಾಗಿದೆ, ಬೆಲೆಯೂ ಅಂಜಲಿನಷ್ಟಿಲ್ಲ. ಮೊಟ್ಟೆಯ ಹಳದಿಯಲ್ಲಿ ಸ್ವಲ್ಪ. ಸಸ್ಯಾಹಾರಿ ಮನೆಗಳಲ್ಲಿ ಕಷ್ಟ. ಮನೆಯ ಹಸುವಿನ ಹಾಲು ಒಳ್ಳೆಯದೇ, ಆದರೆ ಅದರಲ್ಲಿ ಡಿ ಇರುವುದು ತೀರಾ ಕಡಿಮೆ. ರಾಗಿ ಮಣ್ಣಿ ತಿನ್ನಿಸಿದರೆ ಡಿ ಸಿಗುತ್ತದೆ ಅಂತ ಕೆಲವರು ತಿಳಿದಿದ್ದಾರೆ. ರಾಗಿಯಲ್ಲಿರುವುದು ಕ್ಯಾಲ್ಸಿಯಂ. ಆ ಕ್ಯಾಲ್ಸಿಯಂ ಮೈಗೆ ಹತ್ತಬೇಕಾದರೆ ಡಿ ಬೇಕು, ಎರಡೂ ಬೇಕು. ಪ್ಯಾಕೆಟ್ ಹಾಲು, ಪ್ಯಾಕೆಟ್ ಎಣ್ಣೆಯ ಮೇಲೆ ಪ್ಲಸ್ ಎಫ್ ಗುರುತು ಇದ್ದರೆ ಅದಕ್ಕೆ ವಿಟಮಿನ್ ಎ ಮತ್ತು ಡಿ ಸೇರಿಸಿರುತ್ತಾರೆ. ಮನೆಯ ಕೊಬ್ಬರಿ ಕೊಟ್ಟು ಮಿಲ್ಲಿನಲ್ಲಿ ಆಡಿಸಿ ತಂದ ಎಣ್ಣೆಯಲ್ಲಿ ಅದು ಇರುವುದಿಲ್ಲ. ಅಣಬೆಯ ಬಗ್ಗೆ ಹೇಳಿದರೆ ಜನ ನಂಬುವುದಿಲ್ಲ, ಆದರೆ ನಿಜ: ಪೇಟೆಯಿಂದ ತಂದ ಅಣಬೆಯನ್ನು ಸೀಳಿ, ಅಡಿಭಾಗ ಮೇಲೆ ಮಾಡಿ ಸ್ವಲ್ಪ ಹೊತ್ತು ಮಧ್ಯಾಹ್ನದ ಬಿಸಿಲಿಗೆ ಇಟ್ಟರೆ ಅದರಲ್ಲಿ ಡಿ2 ಅನ್ನುವ ಬಗೆಯ ವಿಟಮಿನ್ ಡಿ ಹುಟ್ಟುತ್ತದೆ. ಬಿಸಿಲಿಗೆ ಅಣಬೆ ಹೋಗಲಿ, ಮಗು ನೆರಳಲ್ಲಿರಲಿ.

ಇಷ್ಟಾದರೂ ಊಟವೊಂದರಿಂದಲೇ ಪೂರ್ತಿ ಸಿಗುವುದು ಕಷ್ಟ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಲೆಕ್ಕದಲ್ಲಿ ದಿನಕ್ಕೆ 600 ಯೂನಿಟ್ ಬೇಕು. ಹಾಗಾಗಿ ಇಂಥವರಿಗೆ ಡಾಕ್ಟರು ಸಣ್ಣ ಪ್ರಮಾಣದ ಮಾತ್ರೆ ಅಥವಾ ಹನಿ ಬರೆಯುತ್ತಾರೆ. ನನ್ನ ತಂಗಿಯ ಮಗಳಿಗೂ ರಕ್ತ ಪರೀಕ್ಷೆ ಮಾಡಿಸಿಯೇ ಕೊಟ್ಟರು. ಪರೀಕ್ಷೆಯ ಚೀಟಿಯಲ್ಲಿ 25 ಹೈಡ್ರಾಕ್ಸಿ ವಿಟಮಿನ್ ಡಿ ಅಂತ ಇರುತ್ತದೆ, ಒಂದು ಮಿಲಿಲೀಟರಿಗೆ 20 ನ್ಯಾನೋಗ್ರಾಂ ದಾಟಿದ್ದರೆ ಸಾಮಾನ್ಯವಾಗಿ ಸಾಕು ಅಂತ ಲೆಕ್ಕ. ಆರೋಗ್ಯವಾಗಿರುವ ಎಲ್ಲರೂ ಈ ಪರೀಕ್ಷೆಗೆ ದುಡ್ಡು ಸುರಿಯಬೇಕಾಗಿಲ್ಲ. ಬಿಸಿಲಿಗೆ ಹೋಗಲೇಬಾರದವರಿಗೆ ಅದು ಬೇಕಾದದ್ದು. ಕಿಡ್ನಿ ಕಸಿ ಆದವರು ತಾವಾಗಿಯೇ ಯಾವ ಡಿ ಮಾತ್ರೆಯನ್ನೂ ತೆಗೆದುಕೊಳ್ಳಬಾರದು. ಡಿ ಕೊನೆಯ ರೂಪ ಪಡೆಯುವುದೇ ಕಿಡ್ನಿಯಲ್ಲಿ, ಯಾವ ಬಗೆಯ ಮಾತ್ರೆ, ಎಷ್ಟು ಅನ್ನುವುದನ್ನು ಕಿಡ್ನಿ ಡಾಕ್ಟರೇ ಹೇಳಬೇಕು.

ಮೆಡಿಕಲ್ ಶಾಪಿನಲ್ಲಿ ಸಿಗುವ 60 ಸಾವಿರ ಯೂನಿಟ್‌ನ ಪುಡಿ ಪ್ಯಾಕೆಟ್ ಬಗ್ಗೆ ದಯವಿಟ್ಟು ಒಂದು ಪ್ರತ್ಯೇಕ ಲೇಖನವನ್ನೇ ಹಾಕಿ. ಒಂದು ಪ್ಯಾಕೆಟ್ ಅಂದರೆ 100 ದಿನಕ್ಕೆ ಬೇಕಾದಷ್ಟು. ಕೊರತೆ ಇರುವವರಿಗೆ ಡಾಕ್ಟರು ಅದನ್ನು ವಾರಕ್ಕೊಂದರಂತೆ ಕೆಲವು ವಾರ ಮಾತ್ರ ಕೊಡುತ್ತಾರೆ. ಪಕ್ಕದ ಮನೆಯವರಿಗೆ ಕೊಟ್ಟದ್ದನ್ನು ತಂದು ದಿನಾ ಹಾಲಿಗೆ ಹಾಕಿ ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ, ಮಂಕು, ಕೊನೆಗೆ ಕಿಡ್ನಿಗೇ ಪೆಟ್ಟು. ಬಿಸಿಲಿನಿಂದ ಡಿ ಮಿತಿ ಮೀರುವುದಿಲ್ಲ, ಪ್ಯಾಕೆಟ್‌ನಿಂದ ಮೀರುತ್ತದೆ.

ನಮ್ಮೂರಿನ ಬಿಸಿಲಿನ ಬಗ್ಗೆಯೂ ಒಂದು ಮಾತು. ಬಿಸು ಹಬ್ಬ ಕಳೆದು ಸ್ವಲ್ಪ ದಿನಕ್ಕೆ, ಏಪ್ರಿಲ್ ಕೊನೆಯ ವಾರದ ಸುಮಾರಿಗೆ, ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ಎಲ್ಲರೂ ಎಚ್ಚರ ಇರುತ್ತಾರೆ, ಸೆಕೆಯೇ ಹೇಳುತ್ತದೆ. ಸೂರ್ಯ ಮತ್ತೆ ನೆತ್ತಿಗೆ ಬರುವುದು ಆಗಸ್ಟ್ ನಡುವಿನಲ್ಲಿ, ತುಳುವರ ಆಟಿ ತಿಂಗಳು ಮುಗಿಯುವ ಹೊತ್ತಿಗೆ. ಮಳೆ, ಮೋಡ, ತಂಪು ಗಾಳಿ, ಯಾರಿಗೂ ಬಿಸಿಲಿನ ನೆನಪೇ ಇರುವುದಿಲ್ಲ. ನಡುವೆ ಒಂದು ದಿನ ಮೋಡ ಸರಿದು ಹೊಳವಾದರೆ ಆ ಬಿಸಿಲು ಏಪ್ರಿಲ್ ಬಿಸಿಲಿಗೇನೂ ಕಡಿಮೆ ಇರುವುದಿಲ್ಲ. ಆಟಿಯ ಬಿಸಿಲಿಗೆ ಆನೆಯ ಬೆನ್ನೂ ಒಡೆಯುತ್ತದೆ ಅಂತ ತುಳುವಿನಲ್ಲಿ ಹಿರಿಯರು ಹೇಳುವುದು ಸುಮ್ನೆ ಅಲ್ಲ. ತೆಳು ಮೋಡವಿದ್ದರೂ ಯುವಿಯ ದೊಡ್ಡ ಪಾಲು ಕೆಳಗೆ ಬರುತ್ತದೆ. ಚರ್ಮಕ್ಕೆ ಅಪಾಯ ಇರುವವರು ಸೆಕೆ ನೋಡಿ ತೀರ್ಮಾನ ಮಾಡುವ ಹಾಗಿಲ್ಲ, ಯುವಿ ಎಷ್ಟು ಜೋರಾಗಿದೆ ಅಂತ ಹೇಳುವ ಯುವಿ ಸೂಚ್ಯಂಕ ನೋಡಬೇಕು.

ಆ ಸೂಚ್ಯಂಕ ಈಗ ಸಿಗುತ್ತದೆ. ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರ ಅದನ್ನು ಪ್ರಕಟಿಸುತ್ತಿದೆ. 6, 7 ಇದ್ದರೆ ಹಳದಿ, 8ರಿಂದ 10ರವರೆಗೆ ಕಿತ್ತಳೆ, 11 ಮತ್ತು ಅದಕ್ಕೂ ಮೇಲೆ ಕೆಂಪು. ಅಪಾಯ ಇರುವವರು 3 ಮುಟ್ಟಿದ ಕೂಡಲೇ ಟೊಪ್ಪಿ, ಕೊಡೆ ಹುಡುಕಬೇಕು. ಬೇಸಿಗೆಯಲ್ಲಿ 12ರಿಂದ 3 ಗಂಟೆವರೆಗೆ ಬಯಲಲ್ಲಿ ದುಡಿಯುವವರಿಗೆ ಕಾರ್ಮಿಕ ಇಲಾಖೆ ವಿರಾಮ ಕೊಡಿಸುವುದೂ ಇದೇ ಜಿಲ್ಲೆಯಲ್ಲಿ ನಡೆಯುತ್ತದೆ, ಮುರಕಲ್ಲು ಕೋರೆಗಳಲ್ಲಿ ಅದನ್ನು ಎಷ್ಟು ಪಾಲಿಸುತ್ತಾರೆ ಅನ್ನುವುದನ್ನು ನಿಮ್ಮ ವರದಿಗಾರರು ಹೋಗಿ ನೋಡಬೇಕು.

ನನ್ನ ಕೋರಿಕೆ ಎರಡು. ಮುಂದಿನ ವಾರದ ಆರೋಗ್ಯ ಪುಟದಲ್ಲಿ, ಆ ಲೇಖನ ಬಂದ ಜಾಗದಲ್ಲೇ, ಯಾರು ಬಿಸಿಲಿಗೆ ಹೋಗಬಾರದು ಅನ್ನುವುದನ್ನು ನಾಲ್ಕು ಸಾಲಿನಲ್ಲಿ ಹಾಕಿ. ಚರ್ಮದ ಡಾಕ್ಟರೊಬ್ಬರ ಕೈಯಲ್ಲಿ ಬರೆಯಿಸಿದರೆ ಇನ್ನೂ ಒಳ್ಳೆಯದು. ನಾಲ್ಕು ವಾರದಲ್ಲಿ ಮಾಯದ ಹುಣ್ಣು, ಕಿವಿ ತುಟಿಯ ಮೇಲೆ ಮತ್ತೆ ಮತ್ತೆ ಹಕ್ಕಳೆ ಕಟ್ಟಿ ರಕ್ತ ಬರುವ ಗಾಯ ಇದ್ದರೆ ತೋರಿಸಿ ಅನ್ನುವ ಮಾತೂ ಅದರಲ್ಲಿ ಇರಲಿ. ಮತ್ತೆ, ಕಾಸರಗೋಡು ಆವೃತ್ತಿಯಲ್ಲಿ ಅಡಿಕೆ ಧಾರಣೆ ಹಾಕುತ್ತೀರಲ್ಲ, ಅದರ ಪಕ್ಕದಲ್ಲಿ ಆ ದಿನದ ಯುವಿ ಸೂಚ್ಯಂಕವನ್ನು ಅದರ ಬಣ್ಣದ ಸಮೇತ ಒಂದು ಸಾಲು ಹಾಕಿ. ಧಾರಣೆ ನೋಡದೆ ಇಲ್ಲಿ ಯಾರೂ ಪೇಪರ್ ಮಡಚುವುದಿಲ್ಲ, ನನ್ನ ತಂಗಿಯ ಮಗಳ ಅಜ್ಜಿಯೂ ಸೇರಿ.

ಇಂತಿ,
ನಿಮ್ಮ ಓದುಗ,
ಬದಿಯಡ್ಕ, ಕಾಸರಗೋಡು